ಮೂರನೆಯ ಇಂಪ್ಲಾಂಟ್

ಜೂನ್ ಒಂಬತ್ತರ ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಸವೇಶ್ವರನಗರ ಪೊಲೀಸ್ ಠಾಣೆಗೆ ಬಂದ ದೂರು ಮೇಲ್ನೋಟಕ್ಕೆ ಸಣ್ಣದು. ಮನೆಯ ಬೀರುವಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಕಳುವಾಗಿತ್ತು. ಅದರ ಮೇಲಿನ ಅರೆಯಲ್ಲೇ ಇದ್ದ ಚಿನ್ನದ ಸರ, ಬಳೆಗಳನ್ನು ಕಳ್ಳರು ಮುಟ್ಟಿರಲಿಲ್ಲ.

ದೂರು ಕೊಡಲು ಬಂದವಳು ವಿಜಯಶ್ರೀ. ವಯಸ್ಸು ಮೂವತ್ತೊಂಬತ್ತು. ಮನೆ ಬಸವೇಶ್ವರನಗರದಲ್ಲಿ, ಚಂದ್ರಾ ಲೇಔಟ್‌ನಲ್ಲಿ ಬ್ಲೌಸ್ ಹೊಲಿಯುವ ಬೊಟಿಕ್. ಆಟೋದಿಂದ ಇಳಿದು ಮೆಟ್ಟಿಲು ಹತ್ತುವಾಗ ಬಲಗೈಯನ್ನು ಪಕ್ಕೆಗೆ ಒತ್ತಿ ಹಿಡಿದುಕೊಂಡಿದ್ದಳು. ಬಾಗಿಲ ಬಳಿಯ ಮೇಜಿನಲ್ಲಿದ್ದ ಕಾನ್‌ಸ್ಟೇಬಲ್ ಯಶ್ವಂತ್ ಪೆನ್ನು ಕೈಗೆತ್ತಿಕೊಂಡ.

“ಡಬ್ಬೀಲಿ ಏನಿತ್ತು ಮೇಡಂ?”

“ನನ್ನ ಇಂಪ್ಲಾಂಟು.”

“ಹಲ್ಲಿಂದಾ?”

ವಿಜಯಶ್ರೀ ಸುತ್ತ ನೋಡಿದಳು. “ಅಲ್ಲ. ಎದೇದು. ಎರಡಿತ್ತು.”

ಯಶ್ವಂತನ ಪೆನ್ನು ಅಲ್ಲೇ ನಿಂತಿತು, ಕಿವಿ ಕೆಂಪಾಯಿತು. ಹಿಂದಿನ ಮೇಜಿನಿಂದ ಹೆಡ್ ಕಾನ್‌ಸ್ಟೇಬಲ್ ಅಂಜನಮ್ಮ ಎದ್ದು ಬಂದರು. “ನೀನು ಹೋಗಿ ಟೀ ಹೇಳಪ್ಪಾ,” ಎಂದು ಅವನನ್ನು ಎಬ್ಬಿಸಿ, “ಬನ್ನಿಮ್ಮಾ, ಒಳಗೆ ಕೂತ್ಕೊಂಡು ಮಾತಾಡೋಣ” ಎಂದು ವಿಜಯಶ್ರೀಯನ್ನು ಇನ್ಸ್‌ಪೆಕ್ಟರ್ ಕೋಣೆಗೆ ಕರೆದೊಯ್ದರು.

ಇನ್ಸ್‌ಪೆಕ್ಟರ್ ಪಂಚಾಕ್ಷರಿ ದಾವಣಗೆರೆ ಕಡೆಯವರು. ಬೆಂಗಳೂರಿಗೆ ವರ್ಗವಾಗಿ ಬಂದು ಬಹಳ ಕಾಲವಾಗಿತ್ತು. ಅವರದು ದೊಡ್ಡ ದನಿಯಲ್ಲ, ಆದರೆ ಒಂದು ಪ್ರಶ್ನೆ ತಲೆಗೆ ಹೊಕ್ಕರೆ ಉತ್ತರ ಸಿಗುವ ತನಕ ಊಟ ಮಾಡುವಾಗಲೂ ಅದನ್ನೇ ಯೋಚಿಸುವವರು. ಚಿನ್ನ ಬಿಟ್ಟು ಇದನ್ನೇ ಒಯ್ದರು ಎಂದು ಕೇಳಿದಾಗಲೇ ಅವರು ಮುಂದಿದ್ದ ಕಡತವನ್ನು ಮುಚ್ಚಿಟ್ಟರು.

“ಮೊದಲಿಂದ ಹೇಳಿ.”

“ಎರಡು ವರ್ಷದ ಕೆಳಗೆ ರಾಜಾಜಿನಗರದಲ್ಲಿ ಡಾಕ್ಟರ್ ವಿಶ್ವಾರಾಧ್ಯ ಅವರ ಕ್ಲಿನಿಕ್‌ನಲ್ಲಿ ಹಾಕಿಸ್ಕೊಂಡೆ ಸಾರ್. ಯಾರೂ ಬಲವಂತ ಮಾಡಿಲ್ಲ. ದಿನಾ ಎಷ್ಟೋ ಜನರ ಅಳತೆ ತಗೋತೀನಿ, ಮೈಗೆ ಸರಿಯಾಗಿ ಕೂರೋ ಹಾಗೆ ಹೊಲ್ಕೊಡ್ತೀನಿ. ಎರಡು ಮಕ್ಕಳಾದ್ಮೇಲೆ ನಾನು ಹೊಲ್ಕೊಂಡ ಬ್ಲೌಸು ನನಗೇ ಕೂರ್ತಿರ್ಲಿಲ್ಲ. ಬೇಕು ಅನ್ನಿಸ್ತು, ಮಾಡಿಸ್ಕೊಂಡೆ.” ಅಷ್ಟು ಹೇಳಿ ಇಬ್ಬರ ಮುಖವನ್ನೂ ನೋಡಿದಳು. ಯಾರೂ ನಗಲಿಲ್ಲ.

“ಆಮೇಲೆ?”

“ಎಡಗಡೆ ಏನೂ ತೊಂದರೆ ಆಗ್ಲಿಲ್ಲ. ಬಲಗಡೆದು ಬರ್ತಾ ಬರ್ತಾ ಗಟ್ಟಿ ಆಯ್ತು. ಮುಟ್ಟಿದ್ರೆ ತೆಂಗಿನ ಚಿಪ್ಪು ಮುಟ್ಟಿದ ಹಾಗೆ. ಒಳಗಡೆ ಉರಿ. ಆ ಮಗ್ಗುಲಿಗೆ ಮಲಗೋ ಹಾಗಿಲ್ಲ, ಹಂಪ್ ಮೇಲೆ ಸ್ಕೂಟರ್ ಹತ್ತಿಸೋ ಹಾಗಿಲ್ಲ. ಮಗಳು ಬಂದು ತಬ್ಬಿಕೊಂಡ್ರೆ ಕೈ ಅಡ್ಡ ಹಿಡೀತಿದ್ದೆ. ಕತ್ತರಿ ಹಿಡಿಯೋ ಕೈಯೇ ಎತ್ತೋಕೆ ಆಗ್ದೆ ಕಟಿಂಗ್‌ಗೆ ಬೇರೆಯವರನ್ನ ಇಟ್ಕೊಂಡೆ.”

“ಡಾಕ್ಟ್ರು ಏನಂದ್ರು?”

“ಮೈಗೆ ಒಗ್ಗೋಕೆ ಟೈಮ್ ಬೇಕು ಅಂದ್ರು. ಮಾತ್ರೆ ಕೊಟ್ರು, ಮಸಾಜ್ ಹೇಳಿಕೊಟ್ರು. ಕೊನೆಗೆ, ‘ನೀವು ಜಾಸ್ತಿ ಯೋಚನೆ ಮಾಡ್ತೀರಾ, ಅದಕ್ಕೇ ನೋವು’ ಅಂದ್ರು. ಆಮೇಲೆ ನಾನು ಅಲ್ಲಿಗೆ ಹೋಗೋದೇ ಬಿಟ್ಟೆ.”

ಕಳೆದ ತಿಂಗಳ ಕೊನೆಯಲ್ಲಿ ಬೇರೊಂದು ಆಸ್ಪತ್ರೆಯಲ್ಲಿ ಡಾಕ್ಟರ್ ಐಶ್ವರ್ಯ ಎಂಬುವರು ಎರಡನ್ನೂ ತೆಗೆದಿದ್ದರು. ಬಲಗಡೆಯದರ ಸುತ್ತ ದಪ್ಪ ಪೊರೆ ಕಟ್ಟಿ, ಒಳಗಿನ ಜೆಲ್ ಸೋರಿತ್ತು. ಎಡಗಡೆಯದರ ಹಿಂಭಾಗದಲ್ಲಿ ಕಂಪನಿಯ ಸಂಖ್ಯೆ ಅಚ್ಚಾಗಿತ್ತು, ಬಲಗಡೆಯದರಲ್ಲಿ ಏನೂ ಇರಲಿಲ್ಲ. ಇದನ್ನು ಎಸೆಯಬೇಡಿ, ಪರೀಕ್ಷೆ ಮಾಡಿಸಿ ಎಂದು ಡಾಕ್ಟರ್ ಐಶ್ವರ್ಯ ಎರಡನ್ನೂ ಬೇರೆ ಬೇರೆ ಕವರಿನಲ್ಲಿ ಸೀಲ್ ಮಾಡಿ ಬಿಳಿ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. ಇವತ್ತು ಅದನ್ನು ಲ್ಯಾಬಿಗೆ ಕೊಟ್ಟು ವೈದ್ಯಕೀಯ ಪರಿಷತ್ತಿಗೆ ದೂರು ಬರೆಯಬೇಕು ಎಂದು ವಿಜಯಶ್ರೀ ಅಂದುಕೊಂಡಿದ್ದಳು. ನಿನ್ನೆ ಸಂಜೆ ಬೀರು ತೆಗೆದರೆ ಡಬ್ಬಿ ಇಲ್ಲ.

“ಡಬ್ಬಿ ವಿಷಯ ಯಾರ್ಯಾರಿಗೆ ಗೊತ್ತು?”

“ನನಗೆ, ನಮ್ಮ ಯಜಮಾನ್ರಿಗೆ. ಐಶ್ವರ್ಯ ಮೇಡಂಗೆ.”

“ಮನೆಗೆ ಯಾರು ಬಂದಿದ್ರು?”

“ಹೊರಗಿನವರು ಯಾರೂ ಬಂದಿಲ್ಲ ಸಾರ್. ನಮ್ಮತ್ತೆ ಯಾವಾಗ್ಲೂ ಮನೇಲೇ ಇರ್ತಾರೆ.”

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ, ವಾಸದ ಮನೆಯಲ್ಲಿ ನಡೆದ ಕಳವು ಎಂದು ಎಫ್‌ಐಆರ್ ದಾಖಲಾಯಿತು. ಕಳುವಾದ ವಸ್ತುವಿನ ವಿವರಕ್ಕೆ ಏನು ಬರೆಯಲಿ ಎಂದು ಯಶ್ವಂತ್ ತಡವರಿಸಿದಾಗ ಪಂಚಾಕ್ಷರಿ, “ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಎರಡು ಸ್ತನ ಇಂಪ್ಲಾಂಟ್ ಅಂತ ಬರಿ. ಅದರಲ್ಲಿ ನಾಚಿಕೆ ಪಡೋದೇನಿದೆ” ಎಂದರು.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಕೆಳಗೆ ಮನೆಯವರು, ಮೇಲೆ ಬಾಡಿಗೆಯವರು ಇರುವ ಎರಡು ಅಂತಸ್ತಿನ ಮನೆ. ಬಾಗಿಲು, ಕಿಟಕಿ ಯಾವುದನ್ನೂ ಮೀಟಿದ ಗುರುತಿರಲಿಲ್ಲ. ಮಲಗುವ ಕೋಣೆಯ ಬೀರುವಿನ ಕೀಲಿ ಬೀರುವಿನಲ್ಲೇ ಇತ್ತು. ಡಬ್ಬಿ ಇಟ್ಟಿದ್ದ ಕೆಳಗಿನ ಅರೆಯಲ್ಲಿ ಮಡಿಸಿಟ್ಟ ನೈಟಿಗಳು ಚೂರೂ ಕದಲಿರಲಿಲ್ಲ. ಹುಡುಕಾಡಿದವರ ಕೈಯಲ್ಲ ಇದು, ಇರುವ ಜಾಗ ಗೊತ್ತಿದ್ದವರ ಕೈ ಎಂದು ಪಂಚಾಕ್ಷರಿ ಅಂದುಕೊಂಡರು.

ವಿಜಯಶ್ರೀಯ ಅತ್ತೆ ಕಲ್ಯಾಣಮ್ಮ ಹಜಾರದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಸೊಸೆಗೆ ಗಡ್ಡೆಯ ಆಪರೇಷನ್ ಎಂದು ಅವರಿಗೆ ಹೇಳಲಾಗಿತ್ತು. ಅದನ್ನು ವಿಜಯಶ್ರೀ ಮೊದಲೇ ತಿಳಿಸಿದ್ದರಿಂದ ಅಂಜನಮ್ಮ ಎಚ್ಚರದಿಂದ ಮಾತು ತೆಗೆದರು.

“ಆಸ್ಪತ್ರೆಯಿಂದ ತಂದಿದ್ದ ಡಬ್ಬಿ ಕಾಣ್ತಿಲ್ಲ ಅಂತೆ ಅಮ್ಮಾ. ಎರಡು ದಿನದಲ್ಲಿ ಮನೆಗೆ ಯಾರಾದ್ರೂ ಬಂದಿದ್ರಾ?”

“ಯಾರೂ ಬರ್ಲಿಲ್ವಲ್ಲ.” ಕಲ್ಯಾಣಮ್ಮ ದನಿ ತಗ್ಗಿಸಿದರು. “ಗಡ್ಡೆ ಅಲ್ಲ ಅದು, ನಂಗೊತ್ತು. ಹಾಕಿಸ್ಕೊಂಡಾಗ್ಲೇ ಗೊತ್ತಾಯ್ತು. ನಾನೂ ಹೆಂಗಸಲ್ವಾ? ನೀವೇನೂ ಹೇಳೋಕೆ ಹೋಗ್ಬೇಡಿ. ಗೊತ್ತಿಲ್ಲ ಅಂದ್ಕೊಂಡು ಆರಾಮಾಗಿದಾರೆ, ಇರ್ಲಿ.”

ಅಂಜನಮ್ಮ ನಗು ತಡೆದುಕೊಂಡರು.

ಮೊದಲ ಅನುಮಾನ ಬಂದದ್ದು ಗಂಡನ ಮೇಲೆ. ಶಿವಕಿರಣ್‌ಗೆ ಮಾಗಡಿ ರಸ್ತೆಯಲ್ಲಿ ವಿದ್ಯುತ್ ಸಾಮಾನಿನ ಅಂಗಡಿ. ಪೊಲೀಸರು ಮನೆಯಲ್ಲಿದ್ದಷ್ಟು ಹೊತ್ತೂ ಅವನು ಗೇಟಿನ ಕಡೆ ನೋಡುತ್ತಿದ್ದ. ಪಂಚಾಕ್ಷರಿ ಅವನನ್ನು ಟೆರೇಸಿಗೆ ಕರೆದೊಯ್ದರು.

“ದೂರು ಕೊಡೋದು ನಿಮಗೆ ಇಷ್ಟ ಇರ್ಲಿಲ್ಲ.”

“ಇರ್ಲಿಲ್ಲ ಸಾರ್.”

“ಯಾಕೆ?”

“ಪರಿಷತ್ತು, ಕೋರ್ಟು ಅಂತ ಹೋದ್ರೆ ನಾಲ್ಕು ಜನಕ್ಕೆ ಗೊತ್ತಾಗುತ್ತೆ. ನಮ್ಮಮ್ಮನಿಗೆ ಗೊತ್ತಾಗುತ್ತೆ. ತೆಗೆಸಿದ್ದಾಯ್ತು, ಎಸೆದುಬಿಡು ಅಂದೆ.”

“ಎಸೆದವರು ನೀವೇನಾ?”

ಶಿವಕಿರಣ್ ಟೆರೇಸಿನ ಗೋಡೆ ಹಿಡಿದು ನಿಂತ. “ಅವಳು ರಾತ್ರಿ ಕೂತುಕೊಂಡೇ ನಿದ್ದೆ ಮಾಡ್ತಿದ್ದಿದ್ದು ನೋಡಿದೀನಿ ಸಾರ್. ಮೊದಮೊದಲು ನಾನೂ ಆ ಡಾಕ್ಟ್ರ ಮಾತೇ ನಂಬಿದ್ದೆ. ನಿಂದು ಬರೀ ಯೋಚನೆ ಅಂತ ಅವಳಿಗೆ ಅಂದಿದೀನಿ. ತೆಗೆದದ್ದನ್ನ ಐಶ್ವರ್ಯ ಮೇಡಂ ತೋರಿಸಿದಾಗ ನನಗೆ ಕಣ್ಣೆತ್ತಿ ಅವಳನ್ನ ನೋಡೋಕಾಗ್ಲಿಲ್ಲ. ಎಸೆಯೋದಿದ್ರೆ ಅವಳ ಎದುರಿಗೇ ಎಸೀತಿದ್ದೆ. ಕದಿಯಲ್ಲ.”

ಶನಿವಾರ ಭಾನುವಾರ ಅವನು ತುಮಕೂರಿನಲ್ಲಿ ನೆಂಟರ ಮದುವೆಯಲ್ಲಿದ್ದ. ಹೆಂಡತಿ ಕೊನೆಯ ಬಾರಿ ಡಬ್ಬಿ ನೋಡಿದ್ದು ಶುಕ್ರವಾರ. ಮದುವೆಯ ಮನೆಯವರು, ಅವನ ಫೋನ್ ಇದ್ದ ಜಾಗ ಎರಡೂ ಅವನ ಮಾತನ್ನು ಖಚಿತಪಡಿಸಿದವು. ಪಂಚಾಕ್ಷರಿ ಅವನನ್ನು ಬಿಟ್ಟರು.

ಮಂಗಳವಾರ ಅವರು ಅಂಜನಮ್ಮನ ಜೊತೆ ರಾಜಾಜಿನಗರದ ಕ್ಲಿನಿಕ್‌ಗೆ ಹೋದರು. ಇಂಪ್ಲಾಂಟ್ ಪರೀಕ್ಷೆಗೆ ಹೋದರೆ ತೊಂದರೆಯಾಗುವುದು ಡಾಕ್ಟರ್ ವಿಶ್ವಾರಾಧ್ಯರಿಗೆ. ಅವರು ಐವತ್ತೈದರ ಮನುಷ್ಯ, ಒಪ್ಪವಾದ ಬಿಳಿ ಅಂಗಿ. ಮಾತಿಗೆ ಮೊದಲೇ ಗಡಿಯಾರ ನೋಡಿದರು.

“ವಿಜಯಶ್ರೀ ಅನ್ನೋರು ನಿಮ್ಮ ಪೇಷಂಟಾ?”

“ಇರಬಹುದು. ಜ್ಯೋತೀ, ವಿಜಯಶ್ರೀ ಅವರ ಫೈಲ್ ತಗೊಂಡು ಬಾ.”

ಆಪರೇಷನ್ ಥಿಯೇಟರ್ ನೋಡಿಕೊಳ್ಳುವ ಸಿಸ್ಟರ್ ಜ್ಯೋತಿಲಕ್ಷ್ಮಿ ಒಳಗಿನಿಂದ ಬಂದಳು. ಮೂವತ್ತೈದರ ಆಸುಪಾಸಿನ ಸಣ್ಣ ಮೈಕಟ್ಟಿನ ಹೆಂಗಸು. ಪೊಲೀಸರನ್ನು ಕಂಡು ಬಾಗಿಲಲ್ಲೇ ನಿಂತಳು, ಮತ್ತೆ ಹೋಗಿ ಕ್ಷಣಮಾತ್ರದಲ್ಲಿ ಫೈಲ್ ತಂದಿಟ್ಟಳು. ಡಾಕ್ಟರು ಅದನ್ನು ತಿರುವಿ, “ಇಲ್ಲಿ ನೋಡಿ, ಎಡಗಡೆ ಸಂಖ್ಯೆ, ಬಲಗಡೆ ಸಂಖ್ಯೆ. ಎರಡೂ ಒಳ್ಳೆ ಕಂಪನಿದು. ಸಂಖ್ಯೆ ಇಲ್ಲದ ಮಾಲು ನಮ್ಮಲ್ಲಿ ಬರೋದೇ ಇಲ್ಲ” ಎಂದರು.

“ತೆಗೆದಾಗ ಒಂದರಲ್ಲಿ ಸಂಖ್ಯೆ ಇರ್ಲಿಲ್ವಂತೆ.”

“ತೆಗೆದಾಗ?” ಡಾಕ್ಟರರ ಕೈ ಫೈಲಿನ ಮೇಲೆ ನಿಂತಿತು. “ಯಾವಾಗ ತೆಗೆಸಿದ್ರು? ಯಾರು ತೆಗೆದಿದ್ದು?”

ಹೊರಗೆ ಬಂದು ಜೀಪಿನ ಬಳಿ ಪಂಚಾಕ್ಷರಿ ನಿಂತರು. “ಏನನ್ನಿಸ್ತು ಅಂಜನಮ್ಮಾ?”

“ತೆಗೆಸಿದ್ದು ಅವ್ರಿಗೆ ಗೊತ್ತೇ ಇರ್ಲಿಲ್ಲ ಸಾರ್. ಅದು ನಾಟಕ ಅಲ್ಲ.”

“ನನಗೂ ಹಾಗೇ ಅನ್ನಿಸ್ತು. ತೆಗೆಸಿದ್ದೇ ಗೊತ್ತಿಲ್ಲದೋರು ಡಬ್ಬಿ ಹುಡುಕಿಕೊಂಡು ಹೇಗೆ ಬರ್ತಾರೆ?” ಜೀಪು ಹತ್ತಿದ ಮೇಲೆ ಅವರು ಮತ್ತೆ ಕೇಳಿದರು. “ಇನ್ನೊಂದು. ಡಾಕ್ಟ್ರಿಗೆ ಪೇಷಂಟಿನ ನೆನಪೇ ಇಲ್ಲ, ಆದ್ರೆ ಎರಡು ವರ್ಷದ ಹಿಂದಿನ ಫೈಲು ಆ ಸಿಸ್ಟರಿಗೆ ಹುಡುಕದೇ ಸಿಕ್ತಲ್ಲ?”

ಅಂಜನಮ್ಮ ತಲೆಯಾಡಿಸಿದರು.

ಡಾಕ್ಟರ್ ಐಶ್ವರ್ಯರನ್ನು ಅವರು ಅದೇ ದಿನ ಸಂಜೆ ಭೇಟಿಯಾದರು. ಆಪರೇಷನ್ ಆದ ಕೂಡಲೇ ಅವರು ಎರಡು ಇಂಪ್ಲಾಂಟ್‌ಗಳ ಫೋಟೋ ತೆಗೆದಿಟ್ಟಿದ್ದರು. ಎಡಗಡೆಯದರ ಮೈ ತರಿತರಿ. ಬಲಗಡೆಯದು ನುಣ್ಣಗೆ, ಸ್ವಲ್ಪ ಹಳದಿ ತಿರುಗಿತ್ತು, ಒಂದು ಅಂಚಿನಲ್ಲಿ ಅಳಿಸಿಹೋದ ಅಕ್ಷರಗಳ ನೆರಳಿನಂಥದ್ದೇನೋ ಇತ್ತು.

“ಒಬ್ಬರಿಗೆ ಎರಡು ಥರದ್ದು ಹಾಕ್ತಾರಾ ಮೇಡಂ?”

“ಹಾಕಲ್ಲ. ನನಗೊಂದು ಊಹೆ ಇದೆ, ಆದ್ರೆ ಊಹೆ ಮೇಲೆ ಇನ್ನೊಬ್ಬ ಡಾಕ್ಟರ ಬಗ್ಗೆ ಬರೆದುಕೊಡೋಕಾಗಲ್ಲ. ಅದಕ್ಕೇ ಲ್ಯಾಬಿಗೆ ಕಳಿಸಿ ಅಂದಿದ್ದು. ನೀವು ಇದನ್ನ ಆ ಕ್ಲಿನಿಕ್‌ಗೆ ಸಪ್ಲೈ ಮಾಡೋರಿಗೆ ತೋರಿಸಿ.”

ಸರಬರಾಜು ಮಾಡುವವರು ವಿಜಯನಗರದ ಸೋಮಲಿಂಗಪ್ಪ. ಶಸ್ತ್ರಚಿಕಿತ್ಸೆಯ ಸಾಮಾನಿನ ವ್ಯಾಪಾರಿ. ಬುಧವಾರ ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದಂತೆ ಪಂಚಾಕ್ಷರಿ ಫೋಟೋ ತೋರಿಸಿದರು. ಸೋಮಲಿಂಗಪ್ಪ ಕನ್ನಡಕ ಹಾಕಿಕೊಂಡು ನೋಡಿ, ಅದನ್ನು ತೆಗೆದು ಒರೆಸಿ, ಮತ್ತೆ ನೋಡಿದರು.

“ಇದು ಒಳಗೆ ಬಿಡೋದಲ್ಲ ಸಾರ್. ಇದು ಟ್ರಯಲ್ ಪೀಸು.”

“ಅಂದ್ರೆ?”

“ಆಪರೇಷನ್ ಟೇಬಲ್ ಮೇಲೆ ಅಳತೆ ನೋಡೋಕೆ. ಬಟ್ಟೆ ಅಂಗಡೀಲಿ ಹಾಕಿ ನೋಡಲ್ವಾ, ಹಾಗೆ. ಒಳಗಿಟ್ಟು ಯಾವ ಸೈಜು ಸರಿ ಅಂತ ನೋಡ್ತಾರೆ, ತೆಗೀತಾರೆ, ಆಮೇಲೆ ಹೊಸದು ಹಾಕ್ತಾರೆ. ಟ್ರಯಲ್ ಪೀಸನ್ನ ತೊಳೆದು, ಬೇಯಿಸಿ, ಮತ್ತೆ ಮತ್ತೆ ಬಳಸ್ತಾರೆ. ಅದರ ಮೇಲೆ ‘ಟ್ರಯಲ್’ ಅಂತ ಬರೆದಿರುತ್ತೆ, ಬೇಯಿಸಿ ಬೇಯಿಸಿ ಅಳಿಸಿಹೋಗುತ್ತೆ. ಇದು ಯಾರ ಮೈಯಿಂದ ಬಂತು ಸಾರ್?”

ಪಂಚಾಕ್ಷರಿ ಫೋಟೋ ಹಿಂದಕ್ಕೆ ತೆಗೆದುಕೊಂಡರು. “ಆ ಕ್ಲಿನಿಕ್‌ನಿಂದ ಯಾರಾದ್ರೂ ಟ್ರಯಲ್ ಪೀಸ್ ಕಡಿಮೆ ಇದೆ ಅಂತ ನಿಮ್ಮ ಹತ್ರ ಬಂದಿದ್ರಾ?”

ಸೋಮಲಿಂಗಪ್ಪ ಸ್ವಲ್ಪ ಯೋಚಿಸಿದರು. “ಬಂದಿದ್ರು. ಎರಡು ವರ್ಷ ಆಗಿರ್ಬೇಕು. ಅಲ್ಲಿನ ಸಿಸ್ಟರ್ ಒಬ್ರು ಒಂದೇ ಒಂದು ಪೀಸ್ ಕೊಡಿ ಅಂದ್ರು. ನಾವು ಬಿಡಿಯಾಗಿ ಕೊಡಲ್ಲ, ಸೆಟ್ಟೇ ತಗೋಬೇಕು. ಒಂದು ಹರಿದುಹೋಯ್ತು ಅಂದ್ರು. ಹರಿದಿದ್ದು ತಗೊಂಡು ಬನ್ನಿ, ಬದಲಾಯಿಸಿಕೊಡ್ತೀನಿ ಅಂದೆ. ಅಲ್ಲೇ ನಿಂತು ಅತ್ತುಬಿಟ್ರು ಸಾರ್. ಒಂದು ಟ್ರಯಲ್ ಪೀಸಿಗೆ ಯಾರು ಅಳ್ತಾರೆ? ಅದಕ್ಕೇ ನೆನಪಿದೆ.”

“ಕೊಟ್ರಾ?”

“ಕೊಟ್ಟೆ. ಅಳೋರನ್ನ ನೋಡೋಕಾಗಲ್ಲ ನಂಗೆ.”

ಅಷ್ಟರಲ್ಲಿ ಯಶ್ವಂತ್ ವಿಜಯಶ್ರೀಯ ಎದುರು ಮನೆಯ ಸಿಸಿ ಕ್ಯಾಮೆರಾದ ದೃಶ್ಯಗಳನ್ನು ನೋಡಿ ಮುಗಿಸಿದ್ದ. ಅಪರಿಚಿತರು ಯಾರೂ ಇಲ್ಲ ಎಂಬುದು ಅವನ ವರದಿ. ಹಾಲಿನವರು, ಹೂವಿನವರು, ಇಸ್ತ್ರಿಯವನು, ಮತ್ತೆ ಶನಿವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದ ಒಬ್ಬಳು ಹೆಂಗಸು. ಅವಳು ಗೇಟು ತಾನೇ ತೆಗೆದು, ಚಪ್ಪಲಿ ಮೂಲೆಗಿಟ್ಟು ಸೀದಾ ಒಳಗೆ ಹೋಗಿದ್ದಳು. “ಮನೆಯವರೇ ಅನ್ಕೊಂಡೆ ಸಾರ್,” ಎಂದ ಯಶ್ವಂತ್.

ಪಂಚಾಕ್ಷರಿ ಆ ದೃಶ್ಯವನ್ನು ಕಲ್ಯಾಣಮ್ಮನ ಮುಂದೆ ಹಿಡಿದರು.

“ಇದು ಸಿಸ್ಟರ್ ಅಲ್ವಾ,” ಎಂದರು ಕಲ್ಯಾಣಮ್ಮ. “ಗಾಯಕ್ಕೆ ಪಟ್ಟಿ ಕಟ್ಟೋಕೆ ಬರ್ತಾಳೆ.”

“ಯಾರೂ ಬಂದಿಲ್ಲ ಅಂದ್ರಲ್ಲಮ್ಮಾ?”

“ಅವಳೇನು ಹೊರಗಿನೋಳಾ? ಬಂದಾಗೆಲ್ಲ ನನ್ನ ಕೈಯಲ್ಲೇ ಕಾಫಿ ಕುಡಿದು ಹೋಗ್ತಾಳೆ.”

ಒಳಗಿನಿಂದ ಬಂದ ವಿಜಯಶ್ರೀ ಫೋನಿನ ಪರದೆ ನೋಡಿದಳು. “ಜ್ಯೋತಿ. ವಿಶ್ವಾರಾಧ್ಯ ಅವರ ಕ್ಲಿನಿಕ್‌ನ ಸಿಸ್ಟರ್ ಸಾರ್.”

“ಅಲ್ಲಿಗೆ ಹೋಗೋದು ಬಿಟ್ಟೆ ಅಂದ್ರಿ. ಅಲ್ಲಿನ ಸಿಸ್ಟರ್ ಹತ್ರ ಡ್ರೆಸ್ಸಿಂಗಾ?”

“ಕ್ಲಿನಿಕ್ ಬಿಟ್ಟೆ, ಅವಳನ್ನ ಬಿಡ್ಲಿಲ್ಲ. ಡಾಕ್ಟ್ರು ನನ್ನ ಮಾತು ಅರ್ಧಕ್ಕೇ ನಿಲ್ಲಿಸ್ತಿದ್ರು. ಅವಳು ಕೂತು ಪೂರ್ತಿ ಕೇಳ್ತಿದ್ಲು. ಎಲ್ಲಿ ಉರಿ, ಎಷ್ಟೊತ್ತಿಗೆ ಜಾಸ್ತಿ, ಎಲ್ಲ. ಐಶ್ವರ್ಯ ಮೇಡಂ ಹತ್ರ ಹೋಗಿ, ತೆಗೆಸ್ಕೊಂಡುಬಿಡಿ ಅಕ್ಕಾ ಅಂತ ಹೇಳಿದ್ದೇ ಅವಳು. ಅವಳಿಗ್ಯಾಕೆ ಸಾರ್ ಅದು?”

“ಡಬ್ಬಿ ವಿಷಯ ಅವಳಿಗೆ ಗೊತ್ತಿತ್ತಾ?”

ವಿಜಯಶ್ರೀ ಕುರ್ಚಿಯ ಅಂಚು ಹಿಡಿದು ಕೂತಳು. “ನನಗೆ ಕೈ ಎತ್ತೋಕಾಗಲ್ವಲ್ಲ. ಬೀರುವಿಂದ ನೈಟಿ ತೆಗೆದುಕೊಡೋಳು ಅವಳೇ. ಇದೇನಕ್ಕಾ ಅಂತ ಕೇಳಿದ್ಲು. ಹೇಳಿದೆ.”

ಗುರುವಾರ ಮಧ್ಯಾಹ್ನ ಪಂಚಾಕ್ಷರಿ, ಅಂಜನಮ್ಮ, ಯಶ್ವಂತ್ ಕುರುಬರಹಳ್ಳಿಯಲ್ಲಿದ್ದ ಜ್ಯೋತಿಲಕ್ಷ್ಮಿಯ ಮನೆಗೆ ಹೋದರು. ಮೊದಲ ಮಹಡಿಯ ಎರಡು ಕೋಣೆ. ಜ್ಯೋತಿಲಕ್ಷ್ಮಿ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಗಂಡ ಕೆಲಸಕ್ಕೆ ಹೋಗಿದ್ದ. ಅಕ್ಕಪಕ್ಕದ ಇಬ್ಬರನ್ನು ಸಾಕ್ಷಿಗೆ ಪಂಚರಾಗಿ ಕರೆಸಲಾಯಿತು. ಯಶ್ವಂತ್ ಮೊಬೈಲಿನಲ್ಲಿ ವಿಡಿಯೋ ಶುರುಮಾಡಿದ. ಅಂಜನಮ್ಮ ಶೋಧನೆಯ ಕಾರಣ ಓದಿ ಹೇಳುವ ಮೊದಲೇ ಜ್ಯೋತಿಲಕ್ಷ್ಮಿ, “ಅಟ್ಟದ ಮೇಲಿದೆ ಮೇಡಂ. ಸ್ಟೀಲ್ ಡಬ್ಬಿ” ಎಂದಳು.

ಸ್ಟೀಲ್ ಡಬ್ಬಿಯೊಳಗೆ ಬಿಳಿ ಪ್ಲಾಸ್ಟಿಕ್ ಡಬ್ಬಿ ಇತ್ತು. ಅದರಲ್ಲಿ ಎಡ, ಬಲ ಎಂದು ಗುರುತು ಹಾಕಿದ ಎರಡು ಕವರ್, ಸೀಲ್ ಒಡೆದಿರಲಿಲ್ಲ. ಪಂಚಾಕ್ಷರಿ ಅವನ್ನು ಬಿಳಿ ಬಟ್ಟೆಯ ಮೇಲೆ ಇಡಿಸಿದರು. ಸ್ಟೀಲ್ ಡಬ್ಬಿಯ ತಳದಲ್ಲಿ ಹಸಿರು ಬಟ್ಟೆಯ ತುಂಡಿನಲ್ಲಿ ಸುತ್ತಿದ ಇನ್ನೊಂದು ವಸ್ತು ಕಂಡಿತು. ಬಿಚ್ಚಿದರೆ ಅದೂ ಇಂಪ್ಲಾಂಟ್. ಹೊಸದು, ಒಳಗಿನ ಪ್ಯಾಕೆಟ್ ಹರಿದೇ ಇರಲಿಲ್ಲ. ಅದರ ಮೇಲಿನ ಸಂಖ್ಯೆಯನ್ನು ಪಂಚಾಕ್ಷರಿ, ಆಪರೇಷನ್ ಆದಾಗ ಕ್ಲಿನಿಕ್‌ನವರು ವಿಜಯಶ್ರೀಗೆ ಕೊಟ್ಟಿದ್ದ ಇಂಪ್ಲಾಂಟ್ ಕಾರ್ಡಿನೊಂದಿಗೆ ಹೋಲಿಸಿದರು. ಬಲಗಡೆ ಎಂದು ಬರೆದಿದ್ದ ಸಂಖ್ಯೆ ಅದೇ.

ಎರಡು ಇರಬೇಕಾದಲ್ಲಿ ಮೂರು. ಪಂಚರಲ್ಲೊಬ್ಬರಾದ ಪಕ್ಕದ ಮನೆಯ ಹೆಂಗಸು, “ಏನದು?” ಎಂದು ಪಿಸುಗುಟ್ಟಿದರು.

ವಶಪಡಿಸಿಕೊಂಡ ಮುದ್ದೇಮಾಲಿಗೆ ಸೀಲ್ ಹಾಕಿ, ಪಂಚರ ಸಹಿ ಪಡೆದು ಅವರನ್ನು ಕಳಿಸಿದ ಮೇಲೆ ಪಂಚಾಕ್ಷರಿ ಜ್ಯೋತಿಲಕ್ಷ್ಮಿಯ ಎದುರು ಸ್ಟೂಲ್ ಎಳೆದುಕೊಂಡು ಕೂತರು.

“ಮೂರನೆಯದು ನಿಮ್ಮ ಹತ್ರ ಹೇಗೆ ಬಂತು?”

“ಅದು ಅಕ್ಕನ ಮೈಯೊಳಗೆ ಹೋಗ್ಬೇಕಾಗಿತ್ತು ಸಾರ್.”

“ಹೇಳಿ.”

ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಹೇಳಿದಳು. ಆ ದಿನ ಬೆಳಗಿನಿಂದ ಒಂದರ ಹಿಂದೆ ಒಂದು ಆಪರೇಷನ್. ವಿಜಯಶ್ರೀಗೆ ಎರಡೂ ಕಡೆ ಟ್ರಯಲ್ ಪೀಸ್ ಇಟ್ಟು ನೋಡಿದರು. ಎಡಗಡೆಯದನ್ನು ತೆಗೆದು ಹೊಸದು ಹಾಕಿದರು. ಅಷ್ಟರಲ್ಲಿ ಡಾಕ್ಟರರಿಗೆ ಫೋನ್ ಬಂತು. ನರ್ಸೊಬ್ಬಳು ಅವರ ಕಿವಿಗೆ ಫೋನ್ ಹಿಡಿದಳು, ಅವರು ಅತ್ತ ತಿರುಗಿ ಯಾರಿಗೋ ಬಯ್ದರು. ಮರಳಿ ಬಂದವರು ಎರಡೂ ಬದಲಾಗಿದೆ ಎಂದುಕೊಂಡು ಬಲಗಡೆ ಹೊಲಿಗೆ ಶುರುಮಾಡಿದರು.

“ಹೊಲಿಗೆ ಮುಗಿಯೋ ಮೊದಲು ಎಣಿಕೆ ಮಾಡ್ತೀರಲ್ವಾ?”

“ಮಾಡ್ದೆ ಸಾರ್. ಒಂದು ಟ್ರಯಲ್ ಪೀಸ್ ಕಡಿಮೆ ಇತ್ತು.”

“ಹೇಳ್ಲಿಲ್ವಾ?”

ಅವಳು ತಲೆ ತಗ್ಗಿಸಿದಳು. “ಅದಕ್ಕೆ ಹಿಂದಿನ ತಿಂಗಳು ಒಂದು ಆಪರೇಷನ್‌ನಲ್ಲಿ ಹತ್ತಿ ಪ್ಯಾಡ್ ಕಡಿಮೆ ಬಂತು ಅಂತ ನಿಲ್ಲಿಸಿದ್ದೆ. ಎಲ್ಲ ಹುಡುಕಿದ್ಮೇಲೆ ಅದು ಬಕೆಟ್ ಹಿಂದೆ ಬಿದ್ದಿತ್ತು. ಡಾಕ್ಟ್ರು ಎಲ್ರ ಮುಂದೆ, ನಿನಗೆ ಎಣಿಸೋಕೆ ಬರಲ್ಲ, ಒಂದನೇ ಕ್ಲಾಸಿಗೆ ಹೋಗು ಅಂದ್ರು. ಒಂದು ವಾರ ನನ್ನನ್ನ ಥಿಯೇಟರ್ ಬಾಗಿಲ ಹೊರಗೆ ನಿಲ್ಲಿಸಿದ್ರು. ಈ ಸಲ ಅವರು ‘ಕೌಂಟ್ ಸರಿ ಇದೆಯಾ’ ಅಂತ ಕೇಳಿದಾಗ, ನಾನೇ ತಪ್ಪು ಎಣಿಸಿದೀನಿ ಅಂದ್ಕೊಂಡೆ. ಇದೆ ಸಾರ್ ಅಂದುಬಿಟ್ಟೆ.”

ಥಿಯೇಟರ್ ತೊಳೆಯುವಾಗ ಟ್ರಾಲಿಯ ಮೇಲಿನ ಹಸಿರು ಬಟ್ಟೆಯ ಕೆಳಗೆ ಬಲಗಡೆಗೆ ಹಾಕಬೇಕಿದ್ದ ಇಂಪ್ಲಾಂಟ್ ಹಾಗೇ ಸಿಕ್ಕಿತು. ಹೊರಗಿನ ಪೆಟ್ಟಿಗೆ ತೆಗೆದಾಗಲೇ ಅದರ ಸಂಖ್ಯೆಯ ಚೀಟಿಯನ್ನು ಫೈಲಿಗೂ ಕಾರ್ಡಿಗೂ ಅಂಟಿಸಿಯಾಗಿತ್ತು. ಆ ಹೊತ್ತಿಗೆ ವಿಜಯಶ್ರೀಗೆ ಎಚ್ಚರವಾಗಿತ್ತು. ನೀರು ಕೇಳುತ್ತಿದ್ದಳು.

“ಡಾಕ್ಟ್ರ ರೂಮಿನ ಬಾಗಿಲ ತನಕ ಹೋದೆ ಸಾರ್. ಆ ದಿನ ಹೋದೆ, ಆಮೇಲೂ ಹೋದೆ. ಬಾಗಿಲು ತಟ್ಟೋಕೆ ಕೈ ಬರ್ಲಿಲ್ಲ. ದಿನ ಕಳೆದ ಹಾಗೆ ಇನ್ನೂ ಕಷ್ಟ ಆಯ್ತು. ಮೊದಲು ಹೇಳಿದ್ರೆ ಬೈಗುಳ, ಆಮೇಲೆ ಹೇಳಿದ್ರೆ ಜೈಲು ಅನ್ನಿಸ್ತು.”

“ತೆಗೆಸ್ಕೊಳ್ಳಿ ಅಂತ ಅವರಿಗೆ ಹೇಳಿದ್ದು ನೀವೇ. ತೆಗೆಸಿದ್ಮೇಲೆ ಕದ್ದಿದ್ದೂ ನೀವೇ. ಅದೊಂದು ನನಗೆ ತಿಳೀತಿಲ್ಲ.”

“ಅಕ್ಕನ ಮೈಯಿಂದ ಅದು ಹೊರಗೆ ಬರ್ಲಿ ಅಂತ ಎರಡು ವರ್ಷ ಬೇಡ್ಕೊಂಡಿದೀನಿ ಸಾರ್. ತೆಗೆದ ಡಾಕ್ಟ್ರು ಎಸೆದುಬಿಡ್ತಾರೆ, ಅಲ್ಲಿಗೆ ಅಕ್ಕನ ನೋವೂ ಮುಗಿಯುತ್ತೆ, ನಂದೂ ಮುಗಿಯುತ್ತೆ ಅಂದ್ಕೊಂಡಿದ್ದೆ. ಬೀರುವಲ್ಲಿ ನೋಡಿ ಕೇಳಿದೆ, ಲ್ಯಾಬಿಗೆ ಕೊಡ್ತೀನಿ ಅಂದ್ರು. ಶನಿವಾರ ಅಕ್ಕ ಮುಖ ತೊಳೆಯೋಕೆ ಹೋದಾಗ ಬ್ಯಾಗಿಗೆ ಹಾಕ್ಕೊಂಡೆ.”

“ಎಸೀಲಿಲ್ಲ ಯಾಕೆ?”

“ಕಸದ ಗಾಡಿ ಬಂದಾಗ ಕೆಳಗೆ ತಗೊಂಡು ಹೋದೆ. ಹಾಕೋಕೆ ಆಗ್ಲಿಲ್ಲ. ಅದರಿಂದ ಅವರು ಅಷ್ಟು ಅನುಭವಿಸಿದಾರೆ. ಕಸ ಅಂತ ಹೇಗೆ ಹಾಕ್ಲಿ?”

ಸೂರ್ಯಾಸ್ತಕ್ಕೆ ಮೊದಲು, ಅಂಜನಮ್ಮನ ಸಮ್ಮುಖದಲ್ಲಿ, ಜ್ಯೋತಿಲಕ್ಷ್ಮಿಯನ್ನು ದಸ್ತಗಿರಿ ಮಾಡಲಾಯಿತು. ಕಾರಣ ತಿಳಿಸಿ ಗಂಡನಿಗೆ ಫೋನ್ ಮಾಡಲಾಯಿತು. ಕಳವಿನ ಜೊತೆ ಸಾಕ್ಷ್ಯ ಮರೆಮಾಚಿದ ಕಲಮನ್ನೂ ಸೇರಿಸಲಾಯಿತು. ಮೂರೂ ಇಂಪ್ಲಾಂಟ್‌ಗಳು ಪ್ರಯೋಗಾಲಯಕ್ಕೆ ಹೋದವು. ಡಾಕ್ಟರ್ ವಿಶ್ವಾರಾಧ್ಯರ ನಿರ್ಲಕ್ಷ್ಯದ ಬಗ್ಗೆ ತಜ್ಞ ವೈದ್ಯರ ಸಮಿತಿಯ ಅಭಿಪ್ರಾಯ ಕೋರಿ ಪತ್ರ ಬರೆಯಲಾಯಿತು. ನೋಟಿಸ್ ಪಡೆದು ಠಾಣೆಗೆ ಬಂದ ಡಾಕ್ಟರು, “ಎಣಿಕೆ ಸಿಸ್ಟರ್ ಕೆಲಸ. ಅವಳು ಸರಿ ಇದೆ ಅಂದಿದ್ದಳು” ಎಂದರು.

“ಸರಿ ಇಲ್ಲ ಅಂತ ಹೇಳಿದವಳನ್ನ ಒಂದು ವಾರ ಬಾಗಿಲಾಚೆ ನಿಲ್ಲಿಸಿದ್ರಂತಲ್ಲ ಡಾಕ್ಟ್ರೇ,” ಎಂದರು ಪಂಚಾಕ್ಷರಿ. “ಹೊಲಿಗೆ ಹಾಕಿದ ಕೈ ನಿಮ್ಮದು. ಸಮಿತಿ ಅದನ್ನೂ ಕೇಳುತ್ತೆ.”

ಶುಕ್ರವಾರ ವಿಜಯಶ್ರೀ ಹೇಳಿಕೆ ಕೊಡಲು ಠಾಣೆಗೆ ಬಂದಳು. ಜೊತೆಗೆ ಶಿವಕಿರಣ್ ಇದ್ದ. ಡಬ್ಬಿಯನ್ನು ಗುರುತಿಸಿ ಸಹಿ ಹಾಕಿದ ಮೇಲೆ ಅವಳು ಎದ್ದು ಹೋಗಲಿಲ್ಲ. ಜ್ಯೋತಿ ಯಾಕೆ ಹೀಗೆ ಮಾಡಿದಳು ಎಂದು ಕೇಳಿದಳು. ಪಂಚಾಕ್ಷರಿ ಹತ್ತಿ ಪ್ಯಾಡಿನ ವಿಷಯದಿಂದ ಹಿಡಿದು ಕಸದ ಗಾಡಿಯವರೆಗೆ ಎಲ್ಲವನ್ನೂ ಹೇಳಿದರು. ಕಡಿಮೆ ಮಾಡಲಿಲ್ಲ, ಸೇರಿಸಲೂ ಇಲ್ಲ.

ವಿಜಯಶ್ರೀ ಮೇಜಿನ ಮೇಲೆ ಕಣ್ಣಿಟ್ಟು ಕೇಳಿದಳು. ಶಿವಕಿರಣ್ ಅವಳ ಭುಜ ಮುಟ್ಟಲು ಹೋಗಿ ಗಾಯದ ನೆನಪಾಗಿ ಕೈ ಹಿಂತೆಗೆದ.

“ಡಾಕ್ಟ್ರು ನಂಬ್ಲಿಲ್ಲ,” ಎಂದಳು ಅವಳು ಕೊನೆಗೆ. “ಇವರೂ ನಂಬ್ಲಿಲ್ಲ. ಆಮೇಲಾಮೇಲೆ ನನಗೇ ನಂಬಿಕೆ ಹೋಗಿತ್ತು, ಎಲ್ಲ ನನ್ನ ಮನಸ್ಸಿಂದೇನೋ ಅಂತ. ಎರಡು ವರ್ಷ ನನ್ನ ನೋವು ನಿಜ ಅಂತ ನಂಬಿದ್ದು ಅವಳೊಬ್ಬಳೇ ಸಾರ್.”

ಅವಳು ಎಡಗೈ ಊರಿ ನಿಧಾನವಾಗಿ ಎದ್ದಳು.

“ಯಾಕೆ ಅಂತ ಈಗ ಗೊತ್ತಾಯ್ತು.”